ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿ.ಮೀ. ಎಂದು ಅಳೆದವರು ಯಾರು? ವಿಲಿಯಂ ಲ್ಯಾಂಬ್ಟನ್ ಬದುಕಿನ ಕಥೆ

ನಾವಿರುವ ಹೆಗ್ಗನಹಳ್ಳಿಯ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಅವರ ಮೊಮ್ಮಗಳು ಓದಲೆಂದು ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಹತ್ತಿದಳು. ಟಿಕೆಟ್‌ನಲ್ಲಿ ಹೊರಡುವ ಸಮಯ ಮಧ್ಯಾಹ್ನ 2 ಗಂಟೆ, ತಲುಪುವ ಸಮಯ ಅದೇ ದಿನ ಸಂಜೆ 5.30 ಎಂದಿತ್ತು. ಮೂರೂವರೆ ಗಂಟೆಯ ದಾರಿ ಎಂದುಕೊಂಡ ಅಜ್ಜಿ ಸಂಜೆ ಆರಕ್ಕೇ ಫೋನ್ ಹಿಡಿದು ಕುಳಿತರು. ಏಳಾಯಿತು, ಒಂಬತ್ತಾಯಿತು, ಫೋನ್ ಬರಲಿಲ್ಲ. ರಾತ್ರಿಯಿಡೀ ಅವರು ಕಣ್ಣು ಮುಚ್ಚಲಿಲ್ಲ. ಮೊಮ್ಮಗಳ ದನಿ ಕೇಳಿಸಿದ್ದು ಮರುದಿನ ಬೆಳಗ್ಗೆ ಏಳೂವರೆಗೆ.

ವಿಮಾನ ಒಂದು ನಿಮಿಷವೂ ತಡವಾಗಿರಲಿಲ್ಲ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಹಾರಾಟ ಸುಮಾರು 17 ಗಂಟೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಆ ಮೂರೂವರೆ ಗಂಟೆಯ ಲೆಕ್ಕ ಸಿಗುತ್ತದೆ.

ಇದನ್ನು ವಿವರಿಸಿದ ಮೇಲೆ ಅಜ್ಜಿ ನಮಗೆ ಇನ್ನೊಂದು ಪ್ರಶ್ನೆ ಹಾಕಿದರು. ದೂರ ಹದಿನಾಲ್ಕು ಸಾವಿರ ಕಿಲೋಮೀಟರ್ ಎನ್ನುತ್ತೀರಲ್ಲ, ನಡುವೆ ಹಿಮ, ಸಮುದ್ರ ಎಲ್ಲ ಇದೆ, ಅದನ್ನು ಅಳೆದವರು ಯಾರು ಎಂದು.

ಚಿಕ್ಕ ಉತ್ತರ: ಆ ದೂರವನ್ನು ಯಾರೂ ಟೇಪು ಹಿಡಿದು ಅಳೆದಿಲ್ಲ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದು, ಭೂಮಿಯ ಗಾತ್ರ ಮತ್ತು ಆಕಾರವೂ ಗೊತ್ತಿದ್ದರೆ ಉಳಿದದ್ದು ಗಣಿತ. ಹಾಗಾದರೆ ಭೂಮಿಯ ಗಾತ್ರವನ್ನು ಅಳೆದವರು ಯಾರು? ಈಗ ಆ ಕೆಲಸ ಉಪಗ್ರಹಗಳದು. ಆದರೆ ಉಪಗ್ರಹ ಬರುವ ಮೊದಲು ಅದು ಗೊತ್ತೇ ಇರಲಿಲ್ಲ ಎಂಬುದು ತಪ್ಪು ಕಲ್ಪನೆ. ಇನ್ನೂರು ವರ್ಷಗಳ ಹಿಂದೆಯೇ ಅದನ್ನು ನೆಲದ ಮೇಲೆ ನಿಂತು, ಸರಪಳಿ ಎಳೆದು ಕಂಡುಕೊಂಡವರಿದ್ದರು. ಅವರಲ್ಲಿ ಒಬ್ಬರು ಮೊದಲ ಸರಪಳಿ ಎಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರೇ ವಿಲಿಯಂ ಲ್ಯಾಂಬ್ಟನ್.

ಒಂದು ಕಣ್ಣಿನ ಸೈನಿಕ

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ನಾರ್ತಲರ್ಟನ್ ಎಂಬ ಊರಿನ ಹತ್ತಿರ. ಹುಟ್ಟಿದ ವರ್ಷದ ಬಗ್ಗೆ ದಾಖಲೆಗಳು ಒಂದಾಗುವುದಿಲ್ಲ. 1753ರಿಂದ 1756ರ ನಡುವೆ ಎಂದು ಇಟ್ಟುಕೊಳ್ಳಬಹುದು. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಗಣಿತದಲ್ಲಿ ಚುರುಕಾಗಿದ್ದರು. 1781ರಲ್ಲಿ ಸೈನ್ಯದ ಕೆಳಗಿನ ದರ್ಜೆಯ ಅಧಿಕಾರಿಯಾಗಿ ಸೇರಿ ಅಮೆರಿಕಕ್ಕೆ ಹೋದರು. ಅಲ್ಲಿ ಬ್ರಿಟಿಷರು ಸೋಲುತ್ತಿದ್ದ ಕಾಲ ಅದು. ಯಾರ್ಕ್‌ಟೌನ್‌ನಲ್ಲಿ ಶರಣಾದ ಸೈನ್ಯದೊಂದಿಗೆ ಲ್ಯಾಂಬ್ಟನ್ ಕೂಡ ಸೆರೆ ಸಿಕ್ಕರು.

ಬಿಡುಗಡೆಯಾದ ಮೇಲೆ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಾಮಾನ್ಯ ಸರ್ಕಾರಿ ಹುದ್ದೆಯಲ್ಲಿದ್ದರು. ಜಮೀನಿನ ಗಡಿ ಅಳೆಯುವ ಕೆಲಸ ಕಲಿತದ್ದು, ಸಿಕ್ಕ ಗಣಿತದ ಪುಸ್ತಕಗಳನ್ನೆಲ್ಲ ಓದಿದ್ದು ಆಗಲೇ. ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ನೋಡಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡದ್ದೂ ಆ ದಿನಗಳಲ್ಲೇ. ಗ್ರಹಣದ ಬಗ್ಗೆ ನಮ್ಮಲ್ಲಿ ಹರಡಿರುವ ಮಾತುಗಳಲ್ಲಿ ಅನೇಕವು ಮೂಢನಂಬಿಕೆ. ಆದರೆ ಬರಿಗಣ್ಣಿನಿಂದ ನೋಡಬಾರದು ಎಂಬ ಮಾತು ಅಪ್ಪಟ ನಿಜ. ಕಣ್ಣಿನ ಒಳಪರದೆಗೆ ನೋವಿನ ಅರಿವಿಲ್ಲ. ಸುಡುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಸುಟ್ಟಿರುತ್ತದೆ. ಮುಂದೆ ಒಂದು ದೇಶವನ್ನೇ ದೂರದರ್ಶಕದಲ್ಲಿ ನೋಡಿ ಅಳೆದ ವ್ಯಕ್ತಿಗೆ ಕೆಲಸಕ್ಕೆ ಉಳಿದಿದ್ದದ್ದು ಒಂದೇ ಒಳ್ಳೆಯ ಕಣ್ಣು.

ಶ್ರೀರಂಗಪಟ್ಟಣದ ರಾತ್ರಿ, ದಾರಿ ತೋರಿದ ನಕ್ಷತ್ರ

1790ರ ದಶಕದ ಕೊನೆಯಲ್ಲಿ ಲ್ಯಾಂಬ್ಟನ್ ತಮ್ಮ 33ನೇ ರೆಜಿಮೆಂಟಿನ ಜೊತೆ ಭಾರತಕ್ಕೆ ಬಂದರು. ವಯಸ್ಸು ನಲವತ್ತು ದಾಟಿತ್ತು, ಹೇಳಿಕೊಳ್ಳುವಂಥ ಸಾಧನೆ ಏನೂ ಇರಲಿಲ್ಲ. ಮಾತು ಕಡಿಮೆ. ದಂಡಿನ ಇತರ ಅಧಿಕಾರಿಗಳಿಗೆ ಅವರೊಬ್ಬ ವಿಚಿತ್ರ ಮನುಷ್ಯ.

1799ರಲ್ಲಿ ಟಿಪ್ಪು ಸುಲ್ತಾನ್ ವಿರುದ್ಧ ನಾಲ್ಕನೇ ಮೈಸೂರು ಯುದ್ಧ ನಡೆಯಿತು. ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ ಜನರಲ್ ಬೇರ್ಡ್ ಅವರ ತುಕಡಿ ಕತ್ತಲಲ್ಲಿ ಸಾಗುತ್ತಿತ್ತು. ನಕ್ಷತ್ರಗಳನ್ನು ಗಮನಿಸುತ್ತಿದ್ದ ಲ್ಯಾಂಬ್ಟನ್‌ಗೆ ಏನೋ ತಪ್ಪಾಗಿದೆ ಅನಿಸಿತು. ದಂಡು ತನ್ನ ಬಿಡಾರದ ಕಡೆ ಹೋಗುವ ಬದಲು ಟಿಪ್ಪುವಿನ ಸೇನೆಯ ಕಡೆಗೇ ಹೊರಟಿತ್ತು. ಅವರು ಎಚ್ಚರಿಸಿದರೂ ಬೇರ್ಡ್ ಒಪ್ಪಲಿಲ್ಲ. ದಿಕ್ಕು ತಿಳಿಯಲು ನಕ್ಷತ್ರ ಬೇಕಿಲ್ಲ ಎಂಬ ಧಾಟಿ ಅವರದು. ಕೊನೆಗೆ ದೀಪದ ಬೆಳಕಲ್ಲಿ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿ ಎಂದು ತಿಳಿದು ದಂಡು ತಿರುಗಿ ನಡೆಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೈಸೂರು ಸೀಮೆಯ ಬಹುಭಾಗ ಬ್ರಿಟಿಷರ ಹಿಡಿತಕ್ಕೆ ಬಂತು. ಗೆದ್ದ ನೆಲದ ನಕ್ಷೆ ಅವರಿಗೆ ಬೇಕಾಗಿತ್ತು. ಈ ಕಥೆಯ ಹಿಂದೆ ಇರುವುದು ವಿಜ್ಞಾನ ಮಾತ್ರವಲ್ಲ, ತೆರಿಗೆ, ದಂಡು, ಆಳ್ವಿಕೆ ಎಲ್ಲವೂ ಇವೆ. ಅದನ್ನು ಮುಚ್ಚಿಟ್ಟು ಹೇಳಿದರೆ ಅರ್ಧ ಕಥೆಯಷ್ಟೇ ಆಗುತ್ತದೆ.

ಪಲ್ಲಕ್ಕಿ ಇರುವಾಗ ಅಳತೆ ಏಕೆ?

ಲ್ಯಾಂಬ್ಟನ್ ಮದರಾಸು ಸರ್ಕಾರದ ಮುಂದೆ ಒಂದು ಯೋಜನೆ ಇಟ್ಟರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸರಣಿಯನ್ನು ಹೆಣೆದು, ಎಲ್ಲ ಊರುಗಳ ಜಾಗವನ್ನು ನಿಖರವಾಗಿ ಗುರುತಿಸುವುದು, ಅದರ ಜೊತೆಗೇ ಭೂಮಿಯ ನಿಜವಾದ ಆಕಾರವನ್ನೂ ಕಂಡುಹಿಡಿಯುವುದು. ಅವರ ರೆಜಿಮೆಂಟಿನ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ ಬೆಂಬಲ ಕೊಟ್ಟರು.

ಖರ್ಚು ನೋಡುವವರಿಗೆ ಇದು ಹಿಡಿಸಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ಕರೆದುಕೊಂಡು ಹೋಗುತ್ತಾರೆ, ಅದಕ್ಕೆ ಇಷ್ಟೆಲ್ಲ ಅಳತೆ ಏಕೆ ಎಂದು ಮದರಾಸಿನ ಆಡಳಿತದಲ್ಲಿ ಒಬ್ಬರು ವಾದಿಸಿದ್ದರಂತೆ. ಕೇಳಲು ಸರಿ ಎನಿಸುವ ವಾದ. ಆದರೆ ಪಲ್ಲಕ್ಕಿಯವರಿಗೆ ಗೊತ್ತಿರುವುದು ದಾರಿ, ದೂರವಲ್ಲ. ಎಷ್ಟು ದಿನದ ಪಯಣ ಎಂದು ಅವರು ಹೇಳಬಲ್ಲರು. ಎರಡು ಊರುಗಳ ನಡುವೆ ನೇರವಾಗಿ ಎಷ್ಟು ಮೈಲಿ ಎಂದು ಹೇಳಲಾರರು. ಅಜ್ಜಿಯ ಟಿಕೆಟ್‌ನಲ್ಲಾದ ಗೊಂದಲದ ಹಾಗೆ ಇಲ್ಲಿಯೂ ಸಮಯ ಬೇರೆ, ದೂರ ಬೇರೆ.

ಚೀನಾ ಚಕ್ರವರ್ತಿಗೆ ಬೇಡವಾದ ಸರಪಳಿ

ತ್ರಿಕೋನದ ಅಳತೆಗೆ ಮೊದಲು ಒಂದು ಗೆರೆಯನ್ನಾದರೂ ನೆಲದ ಮೇಲೆ ನಿಜವಾಗಿ ಅಳೆಯಬೇಕು. ಅದನ್ನು ಆಧಾರ ರೇಖೆ ಎನ್ನುತ್ತಾರೆ. ಲ್ಯಾಂಬ್ಟನ್‌ಗೆ ಅದಕ್ಕೆ ಸಿಕ್ಕಿದ್ದು 100 ಅಡಿಯ ಉಕ್ಕಿನ ಸರಪಳಿ. ಅದು ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಬ್ರಿಟಿಷ್ ರಾಯಭಾರಿಗಳು ಒಯ್ದಿದ್ದ ವಸ್ತುಗಳಲ್ಲಿ ಒಂದು. ಅಲ್ಲಿ ಬೇಡವಾಗಿ, ಕಲ್ಕತ್ತಾ ಸೇರಿ, ಕೊನೆಗೆ ಇವರ ಕೈಗೆ ಬಂತು. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಯಲಿನಲ್ಲಿ ಅದೇ ಸರಪಳಿಯಿಂದ ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯೊಂದನ್ನು ಅಳೆದರು.

ಏಳು ಮೈಲಿ ಅಳೆಯಲು ತಿಂಗಳುಗಳೇ ಬೇಕೇ? ಹೆಗ್ಗನಹಳ್ಳಿ, ಪೀಣ್ಯ ಕಡೆ ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡುವ ಯಾರನ್ನಾದರೂ ಕೇಳಿ. ಯಂತ್ರದಿಂದ ಆಗ ತಾನೇ ತೆಗೆದ ಬಿಸಿ ಲೋಹದ ತುಂಡನ್ನು ಅಳೆದು ಲೆಕ್ಕ ಬರೆದುಕೊಳ್ಳಬಾರದು, ತಣ್ಣಗಾದ ಮೇಲೆ ಅಳತೆಯೇ ಬದಲಾಗುತ್ತದೆ ಎಂದು ಅವರು ಹೇಳುತ್ತಾರೆ. ಲ್ಯಾಂಬ್ಟನ್ ಅವರ ಸರಪಳಿಗೂ ಅದೇ ನಿಯಮ. ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಒಂದು ಸಲದ ಕೂದಲೆಳೆಯಷ್ಟು ತಪ್ಪು ನೂರಾರು ಸಲ ಸೇರಿದರೆ ದೊಡ್ಡದಾಗುತ್ತದೆ.

1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾದ ಅಳತೆಯಲ್ಲಿ ಈ ಎಚ್ಚರ ಎದ್ದು ಕಾಣುತ್ತದೆ. ಸರಪಳಿಯನ್ನು ನೆಲಕ್ಕೆ ತಾಗಿಸದೆ, ಮೂರು ಕಾಲಿನ ಆಸರೆಗಳ ಮೇಲಿಟ್ಟ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿದರು. ನೆರಳು ಕಟ್ಟಿದರು, ಪಕ್ಕದಲ್ಲಿ ಉಷ್ಣಮಾಪಕ ಇಟ್ಟರು. ಹೀಗೆ 400 ಸಲ ಸರಪಳಿ ಎತ್ತಿಟ್ಟು ಏಳೂವರೆ ಮೈಲಿ ಮುಗಿಸಲು 57 ದಿನ ಹಿಡಿಯಿತು.

ಬೆಟ್ಟದಿಂದ ಬೆಟ್ಟಕ್ಕೆ

ಇನ್ನು ಮುಂದೆ ಸರಪಳಿ ಹೆಚ್ಚು ಬೇಕಿಲ್ಲ. ಗೆರೆಯ ಎರಡು ತುದಿಗಳಲ್ಲಿ ನಿಂತು ದೂರದ ಒಂದು ಬೆಟ್ಟದ ತುದಿಯನ್ನು ನೋಡಿ, ಎರಡೂ ಕಡೆಯ ಕೋನಗಳನ್ನು ಅಳೆಯುತ್ತಾರೆ. ಒಂದು ಬದಿ, ಎರಡು ಕೋನ ಗೊತ್ತಿದ್ದರೆ ತ್ರಿಕೋನದ ಉಳಿದ ಬದಿಗಳನ್ನು ಲೆಕ್ಕ ಹಾಕಬಹುದು. ಹೆಗ್ಗನಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಸಾವನದುರ್ಗಕ್ಕೆ ಹೋದವರು ಮೇಲಿನಿಂದ ಎಷ್ಟು ಬೆಟ್ಟಗಳು ಕಾಣುತ್ತವೆ ಎಂದು ನೆನಪಿಸಿಕೊಳ್ಳಿ. ಹಾಗೆ ಕಾಣುವ ಒಂದೊಂದು ಬೆಟ್ಟವೂ ಮುಂದಿನ ತ್ರಿಕೋನದ ಮೂಲೆ. ಹೊಸದಾಗಿ ಸಿಕ್ಕ ಬದಿಯೇ ಮುಂದಿನ ತ್ರಿಕೋನಕ್ಕೆ ಆಧಾರ.

ಕೋನ ಅಳೆಯುವ ಉಪಕರಣದ ಹೆಸರು ಥಿಯೋಡೊಲೈಟ್. ಲ್ಯಾಂಬ್ಟನ್ ಇಂಗ್ಲೆಂಡಿನಿಂದ ತರಿಸಿದ ಉಪಕರಣದ ತೂಕ ಸುಮಾರು ಅರ್ಧ ಟನ್. ಅದು ಬರುತ್ತಿದ್ದ ಹಡಗು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಎರಡೂ ದೇಶಗಳಿಗೆ ಆಗದಿದ್ದ ಕಾಲದಲ್ಲೂ, ಅದು ವಿಜ್ಞಾನದ ಉಪಕರಣ ಎಂದು ತಿಳಿದ ಫ್ರೆಂಚರು ಅದನ್ನು ಮದರಾಸಿಗೆ ಕಳಿಸಿಕೊಟ್ಟರು.

ಲೆಕ್ಕ ಸರಿಯೇ ಎಂದು ತಿಳಿಯುವುದು ಹೇಗೆ? ಅದಕ್ಕೂ ಬೆಂಗಳೂರೇ ಪರೀಕ್ಷೆಯ ಜಾಗವಾಯಿತು. ಮದರಾಸಿನಿಂದ ತ್ರಿಕೋನಗಳನ್ನು ಹೆಣೆಯುತ್ತ ಇಲ್ಲಿಯವರೆಗೆ ಬಂದ ಮೇಲೆ, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಆಧಾರ ರೇಖೆಯನ್ನು ನೆಲದ ಮೇಲೆ ಅಳೆದರು. ಈ ಕೆಲಸ ಮಾಡಿದವರು ಲ್ಯಾಂಬ್ಟನ್ ಅವರ ಸಹಾಯಕ ಜಾನ್ ವಾರನ್. 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವಿಚಾರಣೆ ನಡೆಸಿದವರೂ ಇವರೇ. ಏಳು ಮೈಲಿಗಳ ಆ ಗೆರೆಯ ನಿಜವಾದ ಅಳತೆಗೂ, ಮದರಾಸಿನಿಂದ ಬಂದ ಲೆಕ್ಕಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ.

ಮಂಗಳೂರು 40 ಮೈಲಿ ಹತ್ತಿರ ಬಂತು

ತ್ರಿಕೋನಗಳ ಸರಣಿ ಮೈಸೂರು ಸೀಮೆ ದಾಟಿ, ಘಟ್ಟ ಇಳಿದು ಪಶ್ಚಿಮ ಕರಾವಳಿ ಮುಟ್ಟಿದಾಗ ಒಂದು ಅಚ್ಚರಿ ಕಾದಿತ್ತು. ಅಲ್ಲಿಯವರೆಗಿನ ನಕ್ಷೆಗಳ ಪ್ರಕಾರ ಮದರಾಸಿನಿಂದ ಮಂಗಳೂರಿಗೆ ನೇರ ದೂರ ಸುಮಾರು 400 ಮೈಲಿ. ಲ್ಯಾಂಬ್ಟನ್ ಅಳತೆಯಲ್ಲಿ ಅದು ಸುಮಾರು 360 ಮೈಲಿ. ನಕ್ಷೆಯಲ್ಲಿ ಇಡೀ ಪರ್ಯಾಯ ದ್ವೀಪವೇ 40 ಮೈಲಿ, ಅಂದರೆ ಸುಮಾರು 64 ಕಿ.ಮೀ. ಹೆಚ್ಚು ಅಗಲವಾಗಿತ್ತು.

ಇದು ಸಣ್ಣ ತಪ್ಪಲ್ಲ. ಕರಾವಳಿ ಎಲ್ಲಿದೆ ಎಂದು ನಕ್ಷೆ ನೋಡಿ ನಂಬುವ ನಾವಿಕನಿಗೆ ಅದು ಜೀವದ ಪ್ರಶ್ನೆ. ಇಂದಿನ ಪೈಲಟ್ ಒಬ್ಬರಿಗೆ ನಿಲ್ದಾಣ 64 ಕಿ.ಮೀ. ಆಚೆ ಇದೆ ಎಂದು ತಪ್ಪಾಗಿ ಹೇಳಿದರೆ ಏನಾದೀತು ಎಂದು ಊಹಿಸಿಕೊಳ್ಳಿ. ಪಲ್ಲಕ್ಕಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ತಂಜಾವೂರಿನಲ್ಲಿ ಹರಿದ ಹಗ್ಗ

ತಮಿಳುನಾಡಿನ ಕಾವೇರಿ ಬಯಲಲ್ಲಿ ಬೆಟ್ಟಗಳಿಲ್ಲ. ಅಲ್ಲಿ ಎತ್ತರಕ್ಕೆ ದೇವಸ್ಥಾನದ ಗೋಪುರಗಳೇ ಗತಿ. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಮೇಲಕ್ಕೆ ಆ ಅರ್ಧ ಟನ್‌ನ ಉಪಕರಣವನ್ನು ಎಳೆಯುವಾಗ ಹಗ್ಗ ತುಂಡಾಯಿತು. ಉಪಕರಣ ಗೋಡೆಗೆ ಬಡಿದು, ಕೋನ ತೋರಿಸುವ ದೊಡ್ಡ ಚಕ್ರವೇ ಸೊಟ್ಟಗಾಯಿತು. ಹೊಸದು ಬರಲು ವರ್ಷಗಳೇ ಬೇಕಿತ್ತು. ಲ್ಯಾಂಬ್ಟನ್ ಅದನ್ನು ಡೇರೆಯೊಳಗೆ ತೆಗೆದುಕೊಂಡು ಹೋಗಿ, ಬಿಡಿಬಿಡಿಯಾಗಿ ಬಿಚ್ಚಿ, ಬೆಣೆ, ತಿರುಪು, ರಾಟೆ ಬಳಸಿ ಸುಮಾರು ಆರು ವಾರ ಕುಳಿತು ಚಕ್ರವನ್ನು ಮತ್ತೆ ದುಂಡಗೆ ಮಾಡಿದರು. ಅದೇ ಉಪಕರಣ ಮುಂದೆ ಮತ್ತೆ ಅಳತೆಗೆ ಬಂತು.

ಭೂಮಿ ಚೆಂಡಿನ ಹಾಗೆ ದುಂಡಗಿಲ್ಲ

ಅಡ್ಡ ಸರಣಿಯ ಜೊತೆಗೆ ಲ್ಯಾಂಬ್ಟನ್ ದಕ್ಷಿಣೋತ್ತರವಾಗಿಯೂ ಒಂದು ಉದ್ದ ಸರಣಿ ಹೆಣೆದರು. ಕನ್ಯಾಕುಮಾರಿಯ ಕಡೆಯಿಂದ ಬೆಂಗಳೂರಿನ ಮೂಲಕ, ಆಂಧ್ರದ ಗುತ್ತಿ ದಾಟಿ, 1815ರ ಹೊತ್ತಿಗೆ ಬೀದರ್ ಸಮೀಪ ತಲುಪಿದರು. ಅಕ್ಷಾಂಶದಲ್ಲಿ ಹೇಳುವುದಾದರೆ ಸುಮಾರು 10 ಡಿಗ್ರಿ. ಒಂದು ಕಡೆ ನೆಲದ ಮೇಲಿನ ದೂರ, ಇನ್ನೊಂದು ಕಡೆ ನಕ್ಷತ್ರಗಳನ್ನು ನೋಡಿ ಪಡೆದ ಅಕ್ಷಾಂಶ. ಎರಡನ್ನೂ ಹೋಲಿಸಿದರೆ ಒಂದು ಡಿಗ್ರಿಗೆ ಎಷ್ಟು ದೂರ ಎಂದು ತಿಳಿಯುತ್ತದೆ.

ಭೂಮಿ ಪೂರ್ತಿ ದುಂಡಗಿದ್ದರೆ ಆ ದೂರ ಎಲ್ಲೆಡೆಯೂ ಒಂದೇ ಇರಬೇಕಿತ್ತು. ಹಾಗಿಲ್ಲ. ಸಮಭಾಜಕದ ಬಳಿ ಅದು ಸುಮಾರು 110.6 ಕಿ.ಮೀ., ಧ್ರುವದ ಬಳಿ 111.7 ಕಿ.ಮೀ. ಕಾರಣ, ಧ್ರುವಗಳ ಕಡೆ ಭೂಮಿ ಸ್ವಲ್ಪ ಚಪ್ಪಟೆ. ಕೇಂದ್ರದಿಂದ ಸಮಭಾಜಕಕ್ಕೆ ಇರುವ ದೂರ ಧ್ರುವಕ್ಕಿಂತ ಸುಮಾರು 21 ಕಿ.ಮೀ. ಹೆಚ್ಚು. ಈ ವಿಷಯ ಯುರೋಪಿನವರಿಗೆ ಮೊದಲೇ ಗೊತ್ತಿತ್ತು. ಎಷ್ಟು ಚಪ್ಪಟೆ ಎಂಬ ಲೆಕ್ಕಕ್ಕೆ ನಮ್ಮ ಭಾಗದ ನಿಖರ ಅಳತೆ ಬೇಕಿತ್ತು. ಅದನ್ನು ಕೊಟ್ಟವರು ಲ್ಯಾಂಬ್ಟನ್.

ಹಿಂಗಣಘಾಟ್‌ನ ಸಮಾಧಿ

1818ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಅಧಿಕೃತ ಹೆಸರು ಬಂತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಎಂಬ ತರುಣ ಸಹಾಯಕರಾಗಿ ನೇಮಕಗೊಂಡರು. ಲ್ಯಾಂಬ್ಟನ್‌ಗೆ ಆಗಲೇ ಅರವತ್ತು ದಾಟಿತ್ತು. ಮಳೆ ಬಂದು ದೂಳು ಅಡಗಿದಾಗಲೇ ದೂರದ ಬೆಟ್ಟಗಳು ಸ್ಪಷ್ಟವಾಗಿ ಕಾಣುವುದರಿಂದ ಅವರ ತಂಡ ಜ್ವರದ ಕಾಲದಲ್ಲೇ ಕಾಡು ಸುತ್ತುತ್ತಿತ್ತು. ಹಲವರು ಅದಕ್ಕೇ ಬಲಿಯಾದರು. ಧ್ವಜ ಹಿಡಿದು ಬೆಟ್ಟದ ಮೇಲೆ ದಿನಗಟ್ಟಲೆ ನಿಂತವರು, ಉಪಕರಣ ಹೊತ್ತವರು, ಕಾಡು ಕಡಿದು ನೋಟಕ್ಕೆ ದಾರಿ ಮಾಡಿದವರು ನಮ್ಮ ಊರುಗಳ ಜನ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1823ರ ಜನವರಿಯಲ್ಲಿ ನಾಗಪುರದ ಕಡೆ ಹೊರಟಿದ್ದ ಲ್ಯಾಂಬ್ಟನ್ ದಾರಿಯಲ್ಲೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲಿದೆ. ಅಷ್ಟು ಹೊತ್ತಿಗೆ ಅವರು ಅಳೆದ ನೆಲ ಒಂದೂವರೆ ಲಕ್ಷ ಚದರ ಮೈಲಿಗೂ ಹೆಚ್ಚು. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅವರ ಸಹಾಯಕರಾಗಿದ್ದವರ ಹೆಸರು ಬಂತು, ಲ್ಯಾಂಬ್ಟನ್ ಹೆಸರು ಮರೆಯಾಯಿತು. ಆದರೆ ಅವರ ಅಳತೆಗಳು ಉಳಿದವು. ಅವನ್ನೂ ಬಳಸಿ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರದ ಲೆಕ್ಕ ಪ್ರಕಟಿಸಿದರು. ಅದರ ಪ್ರಕಾರ ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,377.3 ಕಿ.ಮೀ. ಇಂದು ಉಪಗ್ರಹಗಳು ಕೊಡುವ ಲೆಕ್ಕ 6,378.1 ಕಿ.ಮೀ. ವ್ಯತ್ಯಾಸ ಒಂದು ಕಿಲೋಮೀಟರ್‌ಗಿಂತ ಕಡಿಮೆ.

ಮತ್ತೆ ಅಜ್ಜಿಯ ಪ್ರಶ್ನೆಗೆ

ಭೂಮಿಯ ಆಕಾರ ಗೊತ್ತಾದ ಮೇಲೆ ಎರಡು ವಿಮಾನ ನಿಲ್ದಾಣಗಳ ದೂರ ಕಂಡುಹಿಡಿಯುವುದು ಸುಲಭ. ಭೂಗೋಳದ ಮೇಲೆ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದೇ ಅತಿ ಹತ್ತಿರದ ದಾರಿ, ಸುಮಾರು 13,990 ಕಿ.ಮೀ. ಆ ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಉತ್ತರಕ್ಕೆ ಏರಿ, ಸೈಬೀರಿಯಾದ ಉತ್ತರ ಕರಾವಳಿಯ ಬಳಿ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ.

ಗೋಡೆಗೆ ತೂಗುಹಾಕುವ ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಸುತ್ತು ಹಾಕಿದಂತೆ ಕಾಣುತ್ತದೆ. ಅದೇ ನಕ್ಷೆಯಲ್ಲಿ ಸ್ಕೇಲು ಇಟ್ಟು ಪೂರ್ವಕ್ಕೆ ನೇರ ಗೆರೆ ಎಳೆದು ಆ ಗೆರೆಯ ಮೇಲೇ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಎರಡು ಗಂಟೆಗೂ ಹೆಚ್ಚು ಹಾರಾಟ ವ್ಯರ್ಥ. ಸುತ್ತು ಇರುವುದು ನಕ್ಷೆಯಲ್ಲಿ, ದಾರಿಯಲ್ಲಿ ಅಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನವನ್ನು ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದಾಗ ಅನೇಕರು ಅದನ್ನು ಬರೀ ಸಾಹಸ ಎಂದುಕೊಂಡರು. ಲೆಕ್ಕ ನೋಡಿ: ಸರಿಯಾಗಿ ಧ್ರುವದ ಮೇಲೇ ಹಾದು ಹೋದರೂ ಅತಿ ಹತ್ತಿರದ ದಾರಿಗಿಂತ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ.

ಇನ್ನು ಸಮಯ. ಗಂಟೆಗೆ 900 ಕಿ.ಮೀ. ವೇಗದಲ್ಲಿ 13,990 ಕಿ.ಮೀ. ಹಾರಲು ಹದಿನೈದೂವರೆ ಗಂಟೆ ಸಾಕು. ಏರುವುದು, ಇಳಿಯುವುದು, ಎದುರು ಗಾಳಿ, ಹಾರಲು ಅನುಮತಿಯಿಲ್ಲದ ಪ್ರದೇಶ ಬಳಸಿ ಹೋಗುವುದು, ಇವೆಲ್ಲ ಸೇರಿ ಅದು ಹೆಚ್ಚಾಗುತ್ತದೆ. ಹೆಗ್ಗನಹಳ್ಳಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬೆಳಗಿನ ಜಾವ ನಾಲ್ಕಕ್ಕೂ, ಒಂಬತ್ತಕ್ಕೂ ದೂರ ಒಂದೇ. ಹಿಡಿಯುವ ಸಮಯ ಒಂದೇ ಅಲ್ಲ ಎಂದು ನಮಗೆಲ್ಲ ಗೊತ್ತು. ಆಕಾಶದಲ್ಲೂ ಹಾಗೆಯೇ.

ಆದ್ದರಿಂದ ದೂರದ ಊರಿಗೆ ಯಾರಾದರೂ ಹೊರಟಾಗ ಟಿಕೆಟ್‌ನ ಎರಡು ಗಡಿಯಾರಗಳನ್ನು ಕಳೆಯಬೇಡಿ. ಒಟ್ಟು ಪ್ರಯಾಣದ ಅವಧಿ ಎಷ್ಟು ಎಂದು ನೋಡಿ, ಹೊರಡುವ ಸಮಯಕ್ಕೆ ಅದನ್ನು ಕೂಡಿಸಿ. ಆಗ ಸಿಗುವುದೇ ನಮ್ಮೂರ ಗಡಿಯಾರದಲ್ಲಿ ಅವರು ಇಳಿಯುವ ಹೊತ್ತು. ಮೊಮ್ಮಗಳು ಮುಂದಿನ ಸಲ ರಜೆ ಮುಗಿಸಿ ಹೊರಟಾಗ ಅಜ್ಜಿ ಹಾಗೆಯೇ ಲೆಕ್ಕ ಹಾಕಿ, ಗೋಡೆಯ ಕ್ಯಾಲೆಂಡರಿನಲ್ಲಿ ಮರುದಿನದ ಚೌಕದೊಳಗೆ ಬೆಳಗ್ಗೆ 7 ಎಂದು ಬರೆದಿಟ್ಟರು. ಆ ರಾತ್ರಿ ನಿದ್ದೆ ಮಾಡಿದರು.